ಆಶ್ಚರ್ಯಸೂಚಕ ಚಿಹ್ನೆ

31 ವರ್ಷ ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳಿ ನಿವೃತ್ತನಾದವನು ನಾನು. ಛಂದಸ್ಸು, ಅಲಂಕಾರ ಸ್ವಲ್ಪ ಹಿಂದೆಮುಂದೆ ಆದರೂ ಲೇಖನ ಚಿಹ್ನೆಗಳ ವಿಷಯದಲ್ಲಿ ಮಾತ್ರ ನನಗೆ ಯಾರೂ ಹೇಳಿಕೊಡಬೇಕಾದ್ದಿಲ್ಲ ಅನ್ನುವ ಜಂಬ ಇತ್ತು. ಅಲ್ಪವಿರಾಮ ಹಾಕಬೇಕಾದ ಕಡೆ ಪೂರ್ಣವಿರಾಮ ಹಾಕಿದ ಹುಡುಗರ ಕಿವಿ ಹಿಂಡಿದ್ದೇನೆ. (ಆಗ ಹಿಂಡಬಹುದಿತ್ತು.) ಆ ಜಂಬ ಇಳಿದದ್ದು ಕಳೆದ ನವರಾತ್ರಿಯಲ್ಲಿ, ಆಗುಂಬೆ ಘಾಟಿಯಲ್ಲಿ. ಕಾರೂ ಅದೂ ಜೊತೆಜೊತೆಯಾಗಿಯೇ ಇಳಿದವು.

ಕಾರು ಅಂದೆನಲ್ಲ, ದೊಡ್ಡದೇನೂ ಅಲ್ಲ. ನಿವೃತ್ತಿಯ ದುಡ್ಡಿನಲ್ಲಿ ಮಗಳ ಮದುವೆ ಮುಗಿದು, ತಾರಸಿಯ ಸೋರಿಕೆ ನಿಂತು, ಉಳಿದದ್ದಕ್ಕೆ ಎಷ್ಟು ಕಾರು ಬರುತ್ತದೋ ಅಷ್ಟೇ ಕಾರು. ಮುಂದೆ ಇಬ್ಬರು ಸುಖವಾಗಿ, ಹಿಂದೆ ಇಬ್ಬರು ಸಂಕೋಚದಿಂದ ಕೂರಬಹುದು. ಡಿಕ್ಕಿಯಲ್ಲಿ ಒಂದು ಹಲಸಿನಹಣ್ಣು ಹಿಡಿಯುತ್ತದೆ, ಎರಡನೆಯದಕ್ಕೆ ಸೀಟು ಮಡಚಬೇಕು. ಆದರೂ ಪವರ್ ಸ್ಟೀರಿಂಗ್ ಉಂಟು. ಕೊಳ್ಳುವ ದಿನ ಶೋರೂಮಿನ ಹುಡುಗ ನಿಂತ ಕಾರಿನ ಸ್ಟೀರಿಂಗನ್ನು ಕಿರುಬೆರಳಿನಲ್ಲಿ ತಿರುಗಿಸಿ ತೋರಿಸಿದ್ದ. ಗೋವರ್ಧನ ಗಿರಿ ಎತ್ತಿದ ಕೃಷ್ಣನ ಮುಖದಲ್ಲೂ ಅಷ್ಟು ನಗು ಇದ್ದಿರಲಾರದು. ನನ್ನವಳು ಅಲ್ಲೇ, "ಇದನ್ನೇ ತಗೊಳ್ಳೋಣ ರೀ" ಅಂದುಬಿಟ್ಟಳು.

ಮೂರು ಮೂರೂವರೆ ವರ್ಷ ಸುಖವಾಗಿ ನಡೆಯಿತು. ಆಮೇಲೊಂದು ಬೆಳಿಗ್ಗೆ ಕಾರು ಚಾಲೂ ಮಾಡಿದಾಗ ಎದುರಿನ ಫಲಕದಲ್ಲಿ ಹಳದಿ ದೀಪವೊಂದು ಹತ್ತಿಕೊಂಡಿತು. ಆ ಫಲಕದಲ್ಲಿರುವ ಚಿತ್ರಲಿಪಿಯೆಲ್ಲ ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೇ. ಒಂದು ಅಲ್ಲಾವುದ್ದೀನನ ದೀಪದ ಹಾಗಿದೆ, ಇನ್ನೊಂದು ಹಳೇ ಟ್ರಾನ್ಸಿಸ್ಟರ್ ಹಾಗಿದೆ, ಮತ್ತೊಂದು ಏನೆಂದು ಬ್ರಹ್ಮನಿಗೇ ಗೊತ್ತು. ಇದೊಂದು ಮಾತ್ರ ನೋಡಿದ ಕೂಡಲೇ ಅರ್ಥವಾಯಿತು. ಒಂದು ಪುಟ್ಟ ಸ್ಟೀರಿಂಗಿನ ಚಿತ್ರ, ಅದರ ಪಕ್ಕದಲ್ಲಿ ಆಶ್ಚರ್ಯಸೂಚಕ ಚಿಹ್ನೆ. ಹರ್ಷ, ವಿಸ್ಮಯ, ಮೆಚ್ಚುಗೆ ಮೊದಲಾದ ಭಾವಗಳನ್ನು ಸೂಚಿಸಲು ಬಳಸುವ ಚಿಹ್ನೆ ಎಂದು 31 ವರ್ಷ ಬೋರ್ಡಿನ ಮೇಲೆ ಬರೆಸಿದ್ದೇನೆ. ಅಂದಮೇಲೆ ಇನ್ನೇನು? "ಆಹಾ, ಎಂಥ ಸ್ಟೀರಿಂಗ್!" ಎಂದು ಕಾರು ತನ್ನನ್ನು ತಾನೇ ಹೊಗಳಿಕೊಳ್ಳುತ್ತಿದೆ. ಈಗಿನ ಕಾಲದ ವಸ್ತುಗಳಿಗೆ ಅಷ್ಟು ಆತ್ಮಪ್ರಶಂಸೆ ಇರುವುದೇ ಎಂದುಕೊಂಡು ಗೇಟಿನಿಂದ ಹಿಂದಕ್ಕೆ ತೆಗೆದೆ.

ಸ್ಟೀರಿಂಗ್ ತಿರುಗಲಿಲ್ಲ. ತಿರುಗಲೇ ಇಲ್ಲ ಅಂತಲ್ಲ, ತಿರುವಿದರೆ ಹೆಗಲಿನಿಂದ ಹಿಡಿದು ಹಲ್ಲಿನವರೆಗೆ ಎಲ್ಲ ಸೇರಿ ಎಳೆಯಬೇಕಾಯಿತು. ಅರವತ್ತು ದಾಟಿದವರ ಒಂದು ಗುಣ ನೋಡಿ: ಯಾವುದಾದರೂ ವಸ್ತು ಭಾರವಾದರೆ ಮೊದಲ ಅನುಮಾನ ಬರುವುದು ವಸ್ತುವಿನ ಮೇಲಲ್ಲ, ನಮ್ಮ ಮೇಲೆ. ನಮ್ಮ ಬೀದಿಯಲ್ಲೇ ನಿವೃತ್ತರಾದ ಮೂವರಿಗೆ ಭುಜ ಹಿಡಿದುಕೊಂಡಿತ್ತು. ನನ್ನ ಸರದಿ ಬಂತು ಎಂದು ತಿಳಿದುಕೊಂಡೆ. ಸಂಜೆಯೇ ಒಂದು ಬಾಟಲಿ ಮಹಾನಾರಾಯಣ ತೈಲ ತಂದು, ಬಿಸಿ ಮಾಡಿ, ಎರಡೂ ಭುಜಕ್ಕೆ ತಿಕ್ಕಿಸಿಕೊಂಡು ಮಲಗಿದೆ. ಮಾರನೆಯ ಬೆಳಿಗ್ಗೆ ಕಾರಿನಲ್ಲಿ ಕೂತರೆ ಸ್ಟೀರಿಂಗ್ ಹೂವು! ಕಿರುಬೆರಳಿನಲ್ಲಿ ತಿರುಗುತ್ತದೆ. ಆಯುರ್ವೇದದ ಮಹಿಮೆಯ ಬಗ್ಗೆ ಅಂದು ತರಕಾರಿ ಅಂಗಡಿಯಲ್ಲಿ ಒಂದು ಸಣ್ಣ ಉಪನ್ಯಾಸವನ್ನೇ ಕೊಟ್ಟೆ.

ಮೂರನೇ ದಿನ ಮತ್ತೆ ಭಾರ. ಹಿಂದಿನ ರಾತ್ರಿ ಎಣ್ಣೆ ತಪ್ಪಿತ್ತು, ಅದಕ್ಕೇ ಎಂದು ಕಾರಣವೂ ಸಿಕ್ಕಿತು. ಪಕ್ಕದ ಮನೆಯವರು, "ಮೇಷ್ಟ್ರೇ, ಮುಂದಿನ ಟೈರಿಗೆ ಗಾಳಿ ನೋಡಿಸಿ" ಅಂದರು. ಅವರು ಹೇಳಿದ್ದರಲ್ಲಿ ತಪ್ಪೇನಿಲ್ಲ. ಗಾಳಿ ಕಡಿಮೆಯಾದ ಟೈರು ನೆಲಕ್ಕೆ ಹೆಚ್ಚು ಅಗಲವಾಗಿ ಕೂತುಬಿಡುತ್ತದೆ, ತಿರುಗಿಸಲು ಒಜ್ಜೆಯಾಗುತ್ತದೆ. ಗಾಳಿ ಹೊಡೆಸಲು ಬಂಕಿಗೆ ಹೋದೆ. ಅಲ್ಲಿ ಇಂಜಿನ್ ಆಫ್ ಮಾಡಿದೆ, ಗಾಳಿ ಹೊಡೆಸಿದೆ, ಮತ್ತೆ ಆನ್ ಮಾಡಿದೆ. ಸ್ಟೀರಿಂಗ್ ಹಗುರ! ಸರಿ, ಎಣ್ಣೆಯ ಪಕ್ಕದಲ್ಲಿ ಗಾಳಿಗೂ ಒಂದು ಪಾಲು ಪುಣ್ಯ ಬಂತು. ಹೀಗೆ ಹದಿನೈದು ದಿನ ನಡೆಯಿತು. ಹಳದಿ ದೀಪ ಒಂದು ದಿನ ಹೊಗಳಿಕೊಳ್ಳುತ್ತಿತ್ತು, ಒಂದು ದಿನ ಸುಮ್ಮನಿರುತ್ತಿತ್ತು. ಅದು ಹೊಗಳಿಕೊಂಡ ದಿನವೇ ನನ್ನ ಭುಜ ಹಿಡಿಯುತ್ತಿತ್ತು. ಈ ಎರಡಕ್ಕೂ ಏನಾದರೂ ಸಂಬಂಧ ಇರಬಹುದೆ ಎಂದು ಒಮ್ಮೆಯೂ ಹೊಳೆಯಲಿಲ್ಲ. ಕಾರ್ಯಕಾರಣ ಸಂಬಂಧ ಕನ್ನಡ ಮೇಷ್ಟರ ಸಿಲಬಸ್ಸಿನಲ್ಲಿ ಇರಲಿಲ್ಲ, ಅದು ವಿಜ್ಞಾನದವರ ಪೀರಿಯಡ್ಡು.

ಅಷ್ಟರಲ್ಲಿ ನವರಾತ್ರಿ ಬಂತು. ನನ್ನ ತಂಗಿಯ ಮನೆ ಹೆಬ್ರಿಯ ಹತ್ತಿರ. ಶಿವಮೊಗ್ಗದಿಂದ ತೀರ್ಥಹಳ್ಳಿ, ಅಲ್ಲಿಂದ ಆಗುಂಬೆ, ಘಾಟಿ ಇಳಿದರೆ ಸೋಮೇಶ್ವರ, ಆಮೇಲೆ ಹೆಬ್ರಿ. ಆಗುಂಬೆಯಲ್ಲಿ ಕಷಾಯ ಕುಡಿಯದೆ ಮುಂದೆ ಹೋಗುವುದು ನಮ್ಮ ಮನೆತನದಲ್ಲಿಲ್ಲ. ನಿಲ್ಲಿಸಿ ಕುಡಿದೆವು. ಮಳೆ ಪೂರ್ತಿ ಬಿಟ್ಟಿರಲಿಲ್ಲ. ಸಣ್ಣಗೆ ಹನಿಯುತ್ತಿತ್ತು, ಮಂಜು ಬೇರೆ. ವಾಪಸು ಬಂದು ಕೀಲಿ ತಿರುಗಿಸಿದರೆ ಇಂಜಿನ್ "ಉಹುಂ... ಉಹುಂ... ಹುಂ" ಎಂದು ಮೂರನೇ ಬಾರಿಗೆ ಒಲ್ಲದ ಮನಸ್ಸಿನಿಂದ ಎದ್ದಿತು. ಹಳದಿ ದೀಪವೂ ಎದ್ದಿತು. ಬುದ್ಧಿವಂತರು ಅಲ್ಲಿಯೇ ನಿಲ್ಲುತ್ತಿದ್ದರು. ನಾನು ಹೊರಟೆ.

ಆಗುಂಬೆ ಘಾಟಿಯಲ್ಲಿ 14 ಹೇರ್‌ಪಿನ್ ತಿರುವುಗಳು. ಮೊದಲನೆಯ ತಿರುವಿನಲ್ಲಿ ನನಗೆ ಎಣ್ಣೆ ಬಾಟಲಿ ಮನೆಯಲ್ಲೇ ಉಳಿದದ್ದು ನೆನಪಾಯಿತು. ಎರಡನೆಯದರಲ್ಲಿ, ಇದು ಭುಜದ ಕಾಯಿಲೆಯಲ್ಲ ಎಂದು ಗೊತ್ತಾಯಿತು. ಮೂರನೆಯದರಲ್ಲಿ ಸೀಟಿನಿಂದ ಅರ್ಧ ಎದ್ದು, ಎರಡೂ ಕೈಯಲ್ಲಿ ಸ್ಟೀರಿಂಗ್ ಹಿಡಿದು, ಬಾವಿಯಿಂದ ಹಿತ್ತಾಳೆ ಕೊಡಪಾನ ಎಳೆಯುವ ಹಾಗೆ ಎಳೆದೆ. ಇಳಿಜಾರಿನಲ್ಲಿ ಮೆಲ್ಲಗೆ ಹೋಗಬೇಕು, ಮೆಲ್ಲಗೆ ಹೋದಷ್ಟೂ ಅದು ಭಾರ. ಹಿಂದೆ ಒಂದು ಮಿನಿ ಬಸ್ಸಿನವನು ಹಾರ್ನ್ ಹೊಡೆಯುತ್ತಿದ್ದಾನೆ. ಪಕ್ಕದಲ್ಲಿ ನನ್ನವಳು ದೇವರ ನಾಮ ಹೇಳುತ್ತಿದ್ದಾಳೆ ಅಂದುಕೊಂಡಿದ್ದೆ, ಕಿವಿಗೊಟ್ಟರೆ ತಿರುವು ಎಣಿಸುತ್ತಿದ್ದಳು. "ಐದು... ರೀ, ಬಲಕ್ಕೆ... ಆರು."

ಏಳನೆಯ ತಿರುವಿನ ಹೊತ್ತಿಗೆ, ಬೆವರು ಕಣ್ಣಿಗಿಳಿಯುತ್ತಿರುವಾಗ, ನನಗೆ ನೆನಪಾದದ್ದು ನನ್ನ ಹಳೆಯ ಮಾರುತಿ 800. ಅದನ್ನು ನಾನು ಕೊಂಡಾಗಲೇ ಅದಕ್ಕೆ ಇಬ್ಬರು ಮಾಲೀಕರಾಗಿದ್ದರು. 1983ರ ಡಿಸೆಂಬರಿನಲ್ಲಿ ಗುಡಗಾಂವದಿಂದ ಹೊರಬಂದು ದೇಶದ ಮಧ್ಯಮ ವರ್ಗವನ್ನೆಲ್ಲ ಸ್ಕೂಟರಿನಿಂದ ಇಳಿಸಿ ನಾಲ್ಕು ಚಕ್ರದ ಮೇಲೆ ಕೂರಿಸಿದ ಕಾರು ಅದು. ನನ್ನದಕ್ಕೆ ಪವರ್ ಸ್ಟೀರಿಂಗ್ ಇರಲಿಲ್ಲ. ಆದರೂ ಇದೇ ಘಾಟಿಯನ್ನು ಹಿಂದಿನ ಸೀಟಿನಲ್ಲಿ ಮಕ್ಕಳ ಜಗಳ ಬಿಡಿಸುತ್ತ, ಒಂದು ಕೈಯಲ್ಲಿ ಚಕ್ಕುಲಿ ತಿನ್ನುತ್ತ ಇಳಿಸಿದ್ದೇನೆ. ಅದು ಹೇಗೆ ಅಷ್ಟು ಸಲೀಸಾಗಿತ್ತು, ಇದು ಹೇಗೆ ಇಷ್ಟು ಹಠಮಾರಿ?

ಉತ್ತರ ಆಮೇಲೆ ಸಿಕ್ಕಿತು, ಈಗಲೇ ಹೇಳಿಬಿಡುತ್ತೇನೆ. ಆ ಕಾರು ಸುಮಾರು 650 ಕೆಜಿ, ಅಂದರೆ ಆರೂವರೆ ಕ್ವಿಂಟಾಲ್. ಚಕ್ರ 12 ಇಂಚಿನದು, ಟೈರಿನ ಅಗಲ ಒಂದು ಗೇಣಿಗೂ ಕಡಿಮೆ. ಮನುಷ್ಯರ ಕೈ ತಿರುಗಿಸಬೇಕು ಎಂದೇ ಲೆಕ್ಕ ಹಾಕಿ ಗೇರು ಕೂರಿಸಿದ್ದರು: ಹೆಚ್ಚು ಸುತ್ತು ತಿರುಗಿಸಿ, ಕಡಿಮೆ ಬಲ ಹಾಕಿ. ಈಗಿನ ಚಿಕ್ಕ ಕಾರುಗಳು ಚಿಕ್ಕವೆಂಬುದು ಹೆಸರಿಗೆ ಮಾತ್ರ. ಬಾಗಿಲೊಳಗೆ ಉಕ್ಕು, ಎದುರಿಗೆ ಏರ್‌ಬ್ಯಾಗು, ಎಸಿ, ಅಗಲ ಟೈರು ಎಲ್ಲ ಸೇರಿ ಮೈ ಬಂದಿದೆ. ಮೋಟಾರು ಸಹಾಯಕ್ಕಿದೆಯಲ್ಲ ಎಂದು ಸ್ಟೀರಿಂಗಿನ ಸುತ್ತುಗಳನ್ನೂ ಕಡಿಮೆ ಮಾಡಿದ್ದಾರೆ. ಮೋಟಾರು ಕೈಕೊಟ್ಟರೆ ಆ ಭಾರವೂ ನಮ್ಮದು, ಜೊತೆಗೆ ಸತ್ತ ಮೋಟಾರನ್ನೂ ನಾವೇ ತಿರುಗಿಸಿಕೊಂಡು ಹೋಗಬೇಕು. ಸಹಾಯಕ್ಕೆಂದು ಕರೆದುಕೊಂಡು ಬಂದ ಆಳು ಹೊಲದಲ್ಲಿ ಜ್ವರ ಬಂದು ಮಲಗಿದರೆ, ಕೆಲಸವನ್ನೂ ನಾವೇ ಮಾಡಿ ಸಂಜೆ ಅವನನ್ನೂ ಹೊತ್ತು ತರಬೇಕಲ್ಲ, ಹಾಗೆ.

ಆದರೆ ಒಂಬತ್ತು ಹತ್ತನೇ ತಿರುವಿನ ಹೊತ್ತಿಗೆ ಇನ್ನೊಂದು ಸಂಗತಿ ನಡೆಯಿತು. ಕೈಗೆ ರಸ್ತೆ ಸಿಗತೊಡಗಿತು. ಎಡ ಚಕ್ರ ಒಂದು ಜಲ್ಲಿಕಲ್ಲಿನ ಮೇಲೆ ಹತ್ತಿ ಇಳಿದದ್ದು ಎಡಗೈಗೆ ಗೊತ್ತಾಯಿತು. ಡಾಂಬರು ಮುಗಿದು ಸಿಮೆಂಟು ಸಿಕ್ಕಿದ್ದು ಕಣ್ಣಿಗಿಂತ ಮೊದಲು ಅಂಗೈಗೆ ಗೊತ್ತಾಯಿತು. ಒಂದು ಕಡೆ ಬಂಡೆಯಿಂದ ನೀರು ಹರಿದು ಬಂದು ರಸ್ತೆಯಲ್ಲಿ ಪಾಚಿ ಕಟ್ಟಿತ್ತು. ಅಲ್ಲಿ ಅಷ್ಟು ಹೊತ್ತು ಜಗ್ಗುತ್ತಿದ್ದ ಸ್ಟೀರಿಂಗ್ ಒಂದು ಕ್ಷಣ ಸಡಿಲವಾಯಿತು. ಯಾರೋ ಹಗ್ಗ ಬಿಟ್ಟ ಹಾಗೆ. ಕಾಲು ತಾನಾಗಿಯೇ ಇನ್ನಷ್ಟು ಬ್ರೇಕಿನ ಮೇಲೆ ಮೆತ್ತಗಾಯಿತು. ಹಿಡಿತ ತಪ್ಪಿದ ಟೈರು ಸ್ಟೀರಿಂಗನ್ನು ನೇರಕ್ಕೆ ಎಳೆಯುವ ಬಲ ಕಳೆದುಕೊಳ್ಳುತ್ತದೆಯಂತೆ. ಹಳೇ ಡ್ರೈವರುಗಳಿಗೆ ಇದು ಪುಸ್ತಕ ಓದಿ ಗೊತ್ತಾದದ್ದಲ್ಲ.

ಇದನ್ನು ನೆನೆದಾಗಲೆಲ್ಲ ನನಗೆ ನಮ್ಮಮ್ಮನ ಒರಳುಕಲ್ಲು ಕಣ್ಣಿಗೆ ಬರುತ್ತದೆ. ಅಮ್ಮ ಉದ್ದು ರುಬ್ಬುವಾಗ ಹಿಟ್ಟು ನೋಡುತ್ತಿರಲಿಲ್ಲ, ಪಕ್ಕದ ಮನೆಯವರ ಜೊತೆ ಬೇಲಿಯಾಚೆಗೆ ಮಾತಾಡುತ್ತಿದ್ದಳು. ಎಡಗೈ ಹಿಟ್ಟು ತಳ್ಳುತ್ತಿತ್ತು, ಬಲಗೈ ಗುಂಡು ತಿರುಗಿಸುತ್ತಿತ್ತು. ಮೊದಲು ಗರಗರ, ಆಮೇಲೆ ಅಂಟು, ಆಮೇಲೆ ಗುಂಡು ಹಿಟ್ಟಿನಲ್ಲಿ ತೇಲಿದ ಹಾಗೆ. ತೇಲಿತು ಎಂದು ಮಣಿಕಟ್ಟಿಗೆ ತಿಳಿದ ಕೂಡಲೇ ಕೈ ನಿಲ್ಲುತ್ತಿತ್ತು, ಮಾತು ನಿಲ್ಲುತ್ತಿರಲಿಲ್ಲ. ಈಗ ನಮ್ಮ ಮನೆಯಲ್ಲಿ ಗ್ರೈಂಡರ್ ಇದೆ. ಪಾಪ, ಒಳ್ಳೆಯ ಕೆಲಸಗಾರ. ಆದರೆ ಏನೂ ಹೇಳುವುದಿಲ್ಲ. ನನ್ನವಳು ಹತ್ತು ನಿಮಿಷಕ್ಕೊಮ್ಮೆ ನಿಲ್ಲಿಸಿ, ಮುಚ್ಚಳ ತೆಗೆದು, ಎರಡು ಬೆರಳಿನಲ್ಲಿ ಹಿಟ್ಟು ಉಜ್ಜಿ ನೋಡುತ್ತಾಳೆ. ಹಾಗೆಂದು ಒರಳುಕಲ್ಲಿಗೆ ವಾಪಸು ಹೋಗೋಣ ಎಂದು ಹೇಳಿ ನೋಡಿ. ನಾನೊಮ್ಮೆ ಹೇಳಿದ್ದೆ. "ನೀವೇ ರುಬ್ಬುವುದಾದರೆ ಹೋಗೋಣ" ಅಂದಳು. ಒರಳುಕಲ್ಲಿನ ಸೊಬಗನ್ನು ಕೊಂಡಾಡುವವರು ಯಾವಾಗಲೂ ಅದರ ಮುಂದೆ ಕೂರದವರೇ.

"ಹದಿನಾಲ್ಕು" ಎಂದು ನನ್ನವಳು ಜೋರಾಗಿಯೇ ಹೇಳಿದಳು. ಸೋಮೇಶ್ವರ ದಾಟಿ, ನೇರ ರಸ್ತೆಯಲ್ಲಿ ತಕ್ಕಮಟ್ಟಿಗೆ ಸುಧಾರಿಸಿಕೊಂಡು, ಹೆಬ್ರಿ ಮುಟ್ಟಿ, ಎದುರು ಕಂಡ ಮೊದಲ ಗ್ಯಾರೇಜಿಗೆ ಕಾರು ನುಗ್ಗಿಸಿದೆ. ಇಪ್ಪತ್ತೈದರ ಒಳಗಿನ ಹುಡುಗ. ಬಾನೆಟ್ ಎತ್ತುತ್ತ, "ಎಂತ ಆಯ್ತು ಸರ್?" ಅಂದ. ಸ್ಟೀರಿಂಗ್ ಭಾರ, ಹಳದಿ ದೀಪ, ಹದಿನಾಲ್ಕು ತಿರುವು, ಭುಜ, ಎಣ್ಣೆ, ಎಲ್ಲವನ್ನೂ ಹೇಳಿದೆ. ಪೂರ್ತಿ ಕೇಳಿ, "ನೀವು ಮಾಷ್ಟ್ರಾ?" ಎಂದ. ಹೇಗೆ ಗೊತ್ತಾಯಿತು ಎಂದು ನಾನು ಕೇಳಲಿಲ್ಲ. "ಕೂತ್ಕೊಳ್ಳಿ ಮಾಷ್ಟ್ರೇ. ಇದು ಎಂತ ದೊಡ್ಡದಲ್ಲ."

ಅವನು ಸ್ಟೀರಿಂಗ್ ಹತ್ತಿರ ಹೋಗಲೇ ಇಲ್ಲ. ಬ್ಯಾಟರಿಯ ತಲೆಗೆ ಕೈಹಾಕಿ ಟರ್ಮಿನಲ್ಲನ್ನು ಎರಡು ಬೆರಳಿನಲ್ಲಿ ಅಲ್ಲಾಡಿಸಿದ. ಸಡಿಲ ಹಲ್ಲಿನ ಹಾಗೆ ಆಡಿತು. "ನೋಡಿ, ಲೂಸ್ ಉಂಟು. ಹೂವು ಬಿಟ್ಟಿದೆ." ನಿಜಕ್ಕೂ ಹೂವೇ. ಹೂಕೋಸಿನ ಹಾಗೆ ಬೆಳ್ಳಗೆ, ಅಂಚಿನಲ್ಲಿ ತುಸು ನೀಲಿ. ಮೊದಲು ಮೈನಸ್, ಆಮೇಲೆ ಪ್ಲಸ್ ಬಿಚ್ಚಿದ. ಪಕ್ಕದ ಹೋಟೆಲಿನಿಂದ ಒಂದು ಚೊಂಬು ಬಿಸಿನೀರು, ಒಂದು ಚಿಟಿಕೆ ಅಡುಗೆ ಸೋಡಾ ತರಿಸಿ ಹೊಯ್ದ. ಬುಸ್ಸೆಂದು ನೊರೆ ಎದ್ದು ಹೂವೆಲ್ಲ ಇಳಿದು ಹೋಯಿತು. ಉಪ್ಪುಕಾಗದದಲ್ಲಿ ತಿಕ್ಕಿದ. ಬ್ಯಾಟರಿಯಿಂದ ಕಾರಿನ ಮೈಗೆ ಬಂದು ಸೇರುವ ಅರ್ಥ್ ವೈರಿನ ಬೋಲ್ಟನ್ನೂ ಬಿಚ್ಚಿ ತುಕ್ಕು ಕೆರೆದ. ಹತ್ತರ ಸ್ಪ್ಯಾನರಿನಲ್ಲಿ ಬಿಗಿದು, ಮೇಲೆ ಸ್ವಲ್ಪ ವ್ಯಾಸಲೀನ್ ಸವರಿದ. ಚಾಲೂ ಮಾಡಿದರೆ ದೀಪ ಹತ್ತಿತು, ಎರಡು ಕ್ಷಣ ಇತ್ತು, ಆರಿತು. ಸ್ಟೀರಿಂಗನ್ನು ಕಿರುಬೆರಳಿನಲ್ಲಿ ತಿರುಗಿಸಿದ. ಮತ್ತೊಬ್ಬ ಕೃಷ್ಣ.

"ಬ್ಯಾಟ್ರಿಯೂ ಮುದುಕ ಆಗಿದೆ ಮಾಷ್ಟ್ರೇ, ಊರಿಗೆ ಹೋಗಿ ಬದಲಿಸಿ. ನೂರೈವತ್ತು ಕೊಡಿ." ದುಡ್ಡು ಎಣಿಸುವಾಗ ಇನ್ನೊಂದು ಮಾತು ಸೇರಿಸಿದ. "ಅಲ್ಲ, ದೀಪ ಬಂದಾಗ ಬದಿಯಲ್ಲಿ ನಿಲ್ಲಿಸಿ, ಒಮ್ಮೆ ಆಫ್ ಮಾಡಿ ಆನ್ ಮಾಡಿದ್ರೆ ಸಾಕಿತ್ತು. ಸ್ಟೀರಿಂಗ್ ಬರ್ತಿತ್ತು."

ನನ್ನವಳು ನನ್ನನ್ನು ನೋಡಿದಳು. ಅದು ಯಾವ ಚಿಹ್ನೆ ಎಂದು ನನಗೆ ಕೂಡಲೇ ಅರ್ಥವಾಯಿತು.

ತಂಗಿಯ ಮನೆಯಲ್ಲಿ ಊಟದ ಹೊತ್ತಿಗೆ ಕಥೆ ನಾನು ಹೇಳುವ ಮೊದಲೇ ಹರಡಿತ್ತು. ತಂಗಿಯ ಮಗಳು ಬೆಂಗಳೂರಿನಲ್ಲಿ ಇಂಜಿನಿಯರು, ವಾಹನಗಳ ಬಿಡಿಭಾಗ ಮಾಡುವ ಕಡೆ ಕೆಲಸ. ಹಬ್ಬಕ್ಕೆ ಬಂದಿದ್ದಳು. "ಮಾಮ, ಅದು ಆಶ್ಚರ್ಯ ಅಲ್ಲ, ಎಚ್ಚರಿಕೆ" ಎಂದು ಮೊದಲ ತುತ್ತಿಗೇ ಶುರು ಮಾಡಿದಳು. ವ್ಯಾಕರಣದಲ್ಲಿ ಹಾಗೊಂದು ಬಳಕೆ ಇಲ್ಲವೆಂದು ನಾನೆಂದೆ. ಕಾರಿನ ವ್ಯಾಕರಣ ಬೇರೆ ಎಂದಳು.

ಅವಳು ವಿವರಿಸಿದ್ದು ಹೀಗೆ. ಸ್ಟೀರಿಂಗಿನ ಕೆಳಗಿನ ಕಂಬ ಒಂದೇ ತುಂಡಲ್ಲ. ನಡುವೆ ಒಂದು ತೆಳು ಉಕ್ಕಿನ ಸರಳಿದೆ. ನಾವು ಮೇಲೆ ತಿರುವಿದಾಗ, ಕೆಳಗೆ ಚಕ್ರ ಹಠ ಮಾಡಿದಷ್ಟೂ, ಆ ಸರಳು ಹಿಂಡಿದ ಟವೆಲಿನ ಹಾಗೆ ಒಂದು ಚೂರು ತಿರುಚಿಕೊಳ್ಳುತ್ತದೆ. ಎಷ್ಟು ತಿರುಚಿತು ಎಂದು ಒಂದು ಸೆನ್ಸರ್ ಅಳೆಯುತ್ತದೆ. ಕಾರಿನ ವೇಗ ಎಷ್ಟೆಂದು ಇನ್ನೊಂದು ಕಡೆಯಿಂದ ವರದಿ ಬರುತ್ತದೆ. ಎರಡನ್ನೂ ನೋಡಿ ಪುಟ್ಟ ಕಂಪ್ಯೂಟರು ಮೋಟಾರಿಗೆ "ಇಷ್ಟು ಕೈಹಾಕು" ಎನ್ನುತ್ತದೆ. ನಿಂತಾಗ ಹೆಚ್ಚು, ಓಡುವಾಗ ಕಡಿಮೆ. ಮೋಟಾರು ಹದಿನೈದಿಪ್ಪತ್ತು ಸುತ್ತು ಸುತ್ತಿದರೆ ಕಂಬ ಒಂದು ಸುತ್ತು ತಿರುಗುತ್ತದೆ. ಚಿಕ್ಕ ಕಾರುಗಳಲ್ಲಿ ಹೆಚ್ಚಾಗಿ ಈ ಮೋಟಾರು ಇರುವುದು ನಮ್ಮ ಮೊಣಕಾಲಿನ ಮುಂದೆಯೇ, ಡ್ಯಾಷ್‌ಬೋರ್ಡಿನ ಹಿಂದೆ.

ಅಷ್ಟು ಹೊತ್ತಿಗೆ ತಂಗಿ ಪಾಯಸದ ಪಾತ್ರೆ ಹಿಡಿದು ಬಂದಳು. ನಾನು ಎಲೆಯ ಮೇಲೆ ಕೈ ಅಡ್ಡ ಇಟ್ಟೆ, ಆದರೆ ಪೂರ್ತಿ ಅಡ್ಡ ಅಲ್ಲ. ಬೆರಳುಗಳ ನಡುವೆ ತುಸು ಸಂದಿ. ಅವಳು ಸರಿಯಾಗಿ ಒಂದೂವರೆ ಸೌಟು ಬಡಿಸಿ ಹೋದಳು. "ಇದೇ ಮಾಮ ಟಾರ್ಕ್ ಸೆನ್ಸರ್" ಎಂದಳು ಸೊಸೆ. ಒಳ್ಳೆಯ ಬಡಿಸುವವರು ಬಾಯಿ ನೋಡುವುದಿಲ್ಲ, ಕೈ ನೋಡುತ್ತಾರೆ. ಸೆನ್ಸರ್ ಕೆಟ್ಟರೆ ಬೇಡವೆಂದವನಿಗೆ ಹತ್ತು ಸೌಟು ಬೀಳುವ ಅಪಾಯ ಉಂಟು, ಅಂದರೆ ಕಾರು ತಾನಾಗಿಯೇ ಒಂದು ಪಕ್ಕಕ್ಕೆ ಎಳೆಯಬಹುದು. ಅದಕ್ಕೇ ಸೆನ್ಸರಿನಿಂದ ಎರಡು ಸಂದೇಶ ಬರುವ ಹಾಗೆ ಮಾಡಿರುತ್ತಾರೆ. ಎರಡೂ ಒಂದಕ್ಕೊಂದು ತಾಳೆಯಾಗದಿದ್ದರೆ, ಇಲ್ಲವೇ ಬ್ಯಾಟರಿಯ ಕರೆಂಟು ತೀರಾ ಇಳಿದರೆ, ಕಂಪ್ಯೂಟರು ಪಾತ್ರೆ ಕೆಳಗಿಟ್ಟು ದೀಪ ಹಚ್ಚಿ ಸುಮ್ಮನೆ ನಿಂತುಬಿಡುತ್ತದೆ. ತಪ್ಪು ಬಡಿಸುವುದಕ್ಕಿಂತ ಬಡಿಸದಿರುವುದು ಮೇಲು ಎಂದು. ಸ್ಟೀರಿಂಗಿಗೂ ಚಕ್ರಕ್ಕೂ ಕಬ್ಬಿಣದ ಸಂಬಂಧ ಹಾಗೆಯೇ ಇರುವುದರಿಂದ ತಿರುಗುವುದೇನೋ ತಿರುಗುತ್ತದೆ, ನಮ್ಮ ರಟ್ಟೆಯ ಖರ್ಚಿನಲ್ಲಿ. ಒಮ್ಮೆ ಮುನಿದರೆ ಮತ್ತೆ ಕೀಲಿ ಆಫ್ ಮಾಡಿ ಆನ್ ಮಾಡುವವರೆಗೆ ಮುನಿಸು ಬಿಡದ ಹಾಗೆ ನನ್ನ ಕಾರಿನದಕ್ಕೆ ಕಲಿಸಿದ್ದರಂತೆ. ಎಣ್ಣೆಯ ಪವಾಡ, ಗಾಳಿಯ ಪುಣ್ಯ ಎರಡರ ಗುಟ್ಟೂ ಅಲ್ಲಿತ್ತು.

ಕರೆಂಟಿನ ಲೆಕ್ಕ ಕೇಳಿ ಇನ್ನಷ್ಟು ಬೆರಗಾಯಿತು. ಎರಡು ಹೆಡ್‌ಲೈಟು ಸೇರಿ ಸುಮಾರು 10 ಆಂಪಿಯರ್ ಎಳೆದರೆ, ಕಾರು ನಿಲ್ಲಿಸುವಾಗ ಸ್ಟೀರಿಂಗ್ ಗಿರಗಿರ ತಿರುಗಿಸಿದರೆ ಈ ಮೋಟಾರು 30 ಆಂಪಿಯರ್ ದಾಟುವುದೂ ಉಂಟಂತೆ. ಸಡಿಲ ಟರ್ಮಿನಲ್ಲಿನಿಂದ ಅಷ್ಟು ಎಳೆಯುವುದು ಗಂಟು ಬಿದ್ದ ಪೈಪಿನಲ್ಲಿ ತೋಟಕ್ಕೆ ನೀರು ಬಿಟ್ಟ ಹಾಗೆ. ಕಲ್ಯಾಣ ಮಂಟಪದ ಮುಂದೆ ಇಕ್ಕಟ್ಟಿನಲ್ಲಿ ಆ ತುದಿಯಿಂದ ಈ ತುದಿಗೆ ಹತ್ತು ಬಾರಿ ತಿರುಗಿಸಿದರೆ ಮೋಟಾರು ಬಿಸಿಯಾಗಿ, ತನ್ನ ಮೈ ಕಾಪಾಡಿಕೊಳ್ಳಲು ಸಹಾಯ ಕಡಿಮೆ ಮಾಡುತ್ತದೆ. ಅದು ಕೆಟ್ಟದ್ದಲ್ಲ, ದಣಿದದ್ದು.

ಊರಿಗೆ ಬಂದ ಮೇಲೆ ಹಠ ಹಿಡಿದು ಇದರ ವಂಶಾವಳಿ ಹುಡುಕಿ ಓದಿದೆ. ನಿವೃತ್ತರಿಗೆ ಹಠಕ್ಕೆ ಬೇಕಾದಷ್ಟು ಹೊತ್ತಿರುತ್ತದೆ. ಅಮೆರಿಕದಲ್ಲಿ ಪಿಯರ್ಸ್ ಆ್ಯರೋ ಕಂಪನಿಯಲ್ಲಿ ಲಾರಿಗಳ ಇಂಜಿನಿಯರಾಗಿದ್ದ ಫ್ರಾನ್ಸಿಸ್ ಡೇವಿಸ್ ಎಂಬಾತ ಡ್ರೈವರುಗಳ ಪಾಡು ನೋಡಿ, ಎಣ್ಣೆಯ ಒತ್ತಡದಿಂದ ನಡೆಯುವ ಪವರ್ ಸ್ಟೀರಿಂಗನ್ನು 1926ರಲ್ಲೇ ತಯಾರಿಸಿ ತೋರಿಸಿದ್ದ. ಖರ್ಚು ಹೆಚ್ಚೆಂದು ಕಾರಿನವರು ಕೈಬಿಟ್ಟರು. ಅದು ಮಾರಾಟದ ಕಾರಿಗೆ ಬಂದದ್ದು 1951ರಲ್ಲಿ, ಕ್ರೈಸ್ಲರ್ ಇಂಪೀರಿಯಲ್ಲಿಗೆ. ಅಷ್ಟರಲ್ಲಿ ಡೇವಿಸನ ಪೇಟೆಂಟುಗಳ ಅವಧಿಯೇ ತೀರುತ್ತ ಬಂದಿತ್ತಂತೆ, ಪಾಪ. ಆ ಎಣ್ಣೆಯ ಪಂಪು ಇಂಜಿನ್ನಿಗೆ ಬೆಲ್ಟ್ ಕಟ್ಟಿಕೊಂಡು, ನೀವು ತಿರುಗಿಸಿ ಬಿಡಿ, ಸದಾ ತಿರುಗುತ್ತಲೇ ಇರುತ್ತದೆ. ದೊಡ್ಡ ಇಂಜಿನ್ನಿಗೆ ಅದೊಂದು ನೊಣ. ಆದರೆ ಜಪಾನಿನ 550 ಸಿಸಿಯ ಪುಟಾಣಿ ಕಾರುಗಳಿಗೆ ಅದು ಬೆನ್ನ ಮೇಲಿನ ಮೂಟೆ. ಹಾಗಾಗಿ ಬೇಕಾದಾಗ ಮಾತ್ರ ಕೆಲಸ ಮಾಡುವ ವಿದ್ಯುತ್ ಮೋಟಾರಿನ ಉಪಾಯ 1988ರಲ್ಲಿ ಮೊದಲು ಬಂದದ್ದೇ ಒಂದು ಚಿಕ್ಕ ಕಾರಿಗೆ, ಸುಜುಕಿ ಸರ್ವೋಗೆ. ಅಂದರೆ ನನ್ನ ಹಳೇ ಮಾರುತಿಯ ದಾಯಾದಿಗೆ! ಶ್ರೀಮಂತರ ಮನೆಯಿಂದ ಬಡವರ ಮನೆಗೆ ಇಳಿದು ಬರುವುದು ಲೋಕರೂಢಿ, ಇದು ಮಾತ್ರ ಬಡವರ ಮನೆಯಲ್ಲಿ ಹುಟ್ಟಿ ಶ್ರೀಮಂತರ ಮನೆಗೆ ಹತ್ತಿತು.

ಘಾಟಿಯಲ್ಲಿ ರಸ್ತೆ ನನ್ನ ಕೈಗೆ ಮಾತಾಡಿದ ಪ್ರಸಂಗವನ್ನು ಸೊಸೆಗೆ ತುಸು ಭಾವುಕನಾಗಿಯೇ ಹೇಳಿದ್ದೆ. ಅವಳು ಮಜ್ಜಿಗೆ ಕುಡಿದು ಮುಗಿಸಿ, "ಮಾಮ, ಅದರಲ್ಲಿ ಅರ್ಧ ರಸ್ತೆ, ಅರ್ಧ ಮೋಟಾರಿನ ಎಳೆತ" ಅಂದಳು. ಭಾರ ಇದ್ದ ಮಾತ್ರಕ್ಕೆ ಅದು ಸ್ಪರ್ಶವಲ್ಲ. ಈಗ ಕೆಲವು ಕಾರುಗಳಲ್ಲಿ ಸ್ಪೋರ್ಟ್ ಎಂಬ ಗುಂಡಿ ಒತ್ತಿದರೆ ಸ್ಟೀರಿಂಗ್ ಬಿಗಿಯಾಗುತ್ತದೆ, ಆದರೆ ರಸ್ತೆಯ ಸುದ್ದಿ ಒಂದಕ್ಷರವೂ ಹೆಚ್ಚು ಬರುವುದಿಲ್ಲ. ಮಾತಾಡದವರು ಮುಖ ಗಂಟಿಕ್ಕಿಕೊಂಡ ಕೂಡಲೇ ಗಂಭೀರರಾಗುತ್ತಾರೆಯೇ? ತಿರುವು ಮುಗಿದ ಮೇಲೆ ಚಕ್ರ ತಾನಾಗಿ ನೇರಕ್ಕೆ ಬರುವುದನ್ನು ಈ ಮೋಟಾರಿನ ಘರ್ಷಣೆ ತಡೆಯುತ್ತದೆ. ಅದಕ್ಕೇ ನಿಧಾನ ವೇಗದಲ್ಲಿ ನಾವೇ ಕೈಯಾರೆ ಹಿಂದಕ್ಕೆ ತರಬೇಕು. ತಾನಾಗಿ ಬಂದ ಹಾಗೆ ಅನ್ನಿಸಲಿ ಎಂದು ಸಾಫ್ಟ್‌ವೇರಿನಲ್ಲಿ ಇಷ್ಟಿಷ್ಟು ತಳ್ಳು ಎಂದು ಬರೆಯುವುದೂ ಉಂಟು. "ನಮ್ಮ ಆಫೀಸಿನಲ್ಲಿ ಒಬ್ಬರಿಗೆ ಅದೇ ಕೆಲಸ, ಇಡೀ ದಿನ ಸ್ಟೀರಿಂಗ್ ಹಿಡಿದು ಅದಕ್ಕೆ ನಾಟಕ ಕಲಿಸುವುದು" ಎಂದಳು. ನಾನು ಶಾಲಾ ವಾರ್ಷಿಕೋತ್ಸವದಲ್ಲಿ ಮಾಡಿದ್ದೂ ಅದೇ ಎಂದುಕೊಂಡು ಸುಮ್ಮನಾದೆ.

ಬ್ಯಾಟರಿ ಬದಲಿಸಿದ ಮೇಲೂ ನನಗೆ ಸಮಾಧಾನವಿರಲಿಲ್ಲ. ಪೇಟೆಯ ದೊಡ್ಡ ಸರ್ವೀಸ್ ಸೆಂಟರೊಂದಕ್ಕೆ ಹೋಗಿ ತೋರಿಸಿದೆ. ಇಸ್ತ್ರಿ ಮುರಿಯದ ಅಂಗಿಯ ಹುಡುಗ ವೈರು ಸಿಕ್ಕಿಸಿ, ಹಳೆಯ ತಪ್ಪುಗಳ ಪಟ್ಟಿ ಓದಿ, ಮುನ್ನೆಚ್ಚರಿಕೆಗೆ ಇಡೀ ಸ್ಟೀರಿಂಗ್ ಕಾಲಮ್ಮನ್ನೇ ಬದಲಿಸೋಣ, 30 ಸಾವಿರದ ಸುಮಾರು ಎಂದ. ಮನೆಯಲ್ಲಿ ಕೇಳಿ ಹೇಳುತ್ತೇನೆ ಎಂದೆ. ಮನೆಯಲ್ಲಿ ಕೇಳಲಿಲ್ಲ, ಉತ್ತರ ಗೊತ್ತಿತ್ತು. ನಮ್ಮ ಪಕ್ಕದ ಮನೆಯವರ ಕಾರಿನ ಸ್ಟೀರಿಂಗ್ ತಿರುಗಿಸಿದಾಗಲೆಲ್ಲ ಕಟಕಟ ಅನ್ನುತ್ತಿತ್ತು. ಅವರಿಗೂ ಇದೇ ಮಾತು ಹೇಳಿದ್ದರಂತೆ. ಹಳೇ ಮೆಕ್ಯಾನಿಕ್ ಒಬ್ಬರು ಬಿಚ್ಚಿ ನೋಡಿದರೆ, ಮೋಟಾರಿಗೂ ಗೇರಿಗೂ ನಡುವೆ ಕೂರುವ ರೂಪಾಯಿ ಅಗಲದ ಒಂದು ರಬ್ಬರು ಪುಡಿಯಾಗಿ ಉದುರಿತು. ಮಕ್ಕಳು ತಪ್ಪು ಉಜ್ಜಿ ಉಜ್ಜಿ ಡೆಸ್ಕಿನ ಮೇಲೆ ಬಿಟ್ಟು ಹೋಗುವ ಚೂರುಗಳ ಹಾಗೆಯೇ ಇತ್ತು. ನನ್ನ ಬಾಯಿ ಅಭ್ಯಾಸಬಲದಿಂದ ಅದನ್ನು ಊದಿತು.

ಹೆಬ್ರಿಯಿಂದ ವಾಪಸು ಬರುವಾಗಿನ ಮಾತು ಹೇಳುವುದನ್ನೇ ಮರೆತೆ. ಅದೇ 14 ತಿರುವು, ಈ ಬಾರಿ ಏರು. ಮೋಟಾರು ಪಾದರಸದ ಹಾಗೆ ಕೆಲಸ ಮಾಡುತ್ತಿತ್ತು. ಕಲ್ಲಿಲ್ಲ, ಪಾಚಿ ಇಲ್ಲ, ಕೈಗೆ ಏನೇನೂ ಇಲ್ಲ. ಅರ್ಧ ದಾರಿಯಲ್ಲಿ ನನ್ನವಳು ಹೊರಗೆ ನೋಡಿ, "ಮೂರೇ ದಿನದಲ್ಲಿ ರಸ್ತೆ ಎಷ್ಟು ಚೆನ್ನಾಗಿ ಮಾಡಿಬಿಟ್ಟಿದ್ದಾರಲ್ಲ ರೀ" ಅಂದಳು. ನಾನು ಹೌದು ಎಂದೆ. ಒಂದು ಕ್ಷಣ ನನಗೂ ಹಾಗೇ ಅನ್ನಿಸಿತ್ತು.

ಆದರೆ ಆ ಇಳಿಜಾರಿನ ಕುಸ್ತಿಯಲ್ಲಿ ಎಡ ಭುಜ ನಿಜವಾಗಿಯೇ ಹಿಡಿದುಕೊಂಡಿತ್ತು. ಮನೆಗೆ ಬಂದು ಎಣ್ಣೆ ಬಾಟಲಿ ಎತ್ತಿದರೆ ಖಾಲಿ. ಇಲ್ಲದ ನೋವಿಗೆ ಇದ್ದ ಎಣ್ಣೆಯೆಲ್ಲ ಮುಗಿದಿತ್ತು. ಕೈ ಮೇಲೆತ್ತಲಾಗದೆ ನರಳುತ್ತ, ಏನು ಮಾಡಲಿ ಎಂದು ಕೇಳಿದೆ. ನನ್ನವಳು ಗ್ರೈಂಡರಿನ ಮುಚ್ಚಳ ತೆಗೆದು, ಎರಡು ಬೆರಳಿನಲ್ಲಿ ಹಿಟ್ಟು ಉಜ್ಜಿ ನೋಡುತ್ತ, ತಿರುಗಿಯೂ ನೋಡದೆ ಹೇಳಿದಳು: "ಒಂದ್ಸಲ ಆಫ್ ಮಾಡಿ ಆನ್ ಮಾಡಿ ನೋಡಿ."